ಪ್ಯಾರಿಸ್ಸಿನವರು ಅಷ್ಟು ಸಿಡುಕರೇ?

ಪ್ಯಾರಿಸ್ ನೋಡಿ ಬಂದವರು ಐಫೆಲ್ ಗೋಪುರದ ಫೋಟೊಗಳ ಜೊತೆಗೆ ಒಂದು ದೂರನ್ನೂ ತರುತ್ತಾರೆ: ಊರು ಚಂದ, ಜನ ಮಾತ್ರ ಒರಟು. ವಿದೇಶಿಯರಷ್ಟೇ ಅಲ್ಲ, ಫ್ರಾನ್ಸಿನ ಬೇರೆ ಊರಿನವರೂ ರಾಜಧಾನಿಯವರ ಗತ್ತನ್ನು ಆಡಿಕೊಳ್ಳುತ್ತಾರೆ.

ಈ ಕೆಟ್ಟ ಹೆಸರು ವ್ಯಾಪಾರದವರಿಗೂ ನಾಟಿತು. 2013ರಲ್ಲಿ ಅಲ್ಲಿನ ವಾಣಿಜ್ಯ ಮಂಡಳಿ ಮತ್ತು ಪ್ರವಾಸೋದ್ಯಮ ಸಂಸ್ಥೆ ಕೂಡಿ ಕಿರುಪುಸ್ತಕವೊಂದನ್ನು ಅಚ್ಚು ಹಾಕಿಸಿ ಟ್ಯಾಕ್ಸಿ ಚಾಲಕರಿಗೆ, ಹೋಟೆಲ್ ಮಾಣಿಗಳಿಗೆ, ಅಂಗಡಿಯವರಿಗೆ ಹಂಚಿದವು. ಯಾವ ದೇಶದವರನ್ನು ಹೇಗೆ ಮಾತಾಡಿಸಬೇಕು ಎಂಬ ಪಾಠ ಅದರಲ್ಲಿತ್ತು.

ಆದರೆ ತಕರಾರಿನ ಬೇರು ಬಹುಪಾಲು ಇರುವುದು ಶಿಷ್ಟಾಚಾರದಲ್ಲಿ. ಅಲ್ಲಿ ಅಂಗಡಿಗೆ ಕಾಲಿಟ್ಟ ಕೂಡಲೇ ‘ಬೊಂಜೂರ್’ ಎನ್ನಬೇಕು. ನಮಸ್ಕಾರವಿಲ್ಲದೆ ನೇರ ಬೆಲೆ ಕೇಳಿದ ಗಿರಾಕಿಯೇ ಒರಟ! ಕೆಫೆಯಲ್ಲಿ ಮಾಣಿ ತಾನಾಗಿ ಬಿಲ್ ತಂದಿಡುವುದಿಲ್ಲ. ದರ್ಶಿನಿಯಲ್ಲಿ ನಿಂತೇ ತಿಂಡಿ ಮುಗಿಸುವ ಬೆಂಗಳೂರಿಗರಿಗೆ ಇದು ಅಸಡ್ಡೆ ಎನಿಸಬಹುದು. ಆದರೆ ಮಾಣಿಯ ಲೆಕ್ಕದಲ್ಲಿ ಕೇಳದೆ ಬಿಲ್ ಇಡುವುದೆಂದರೆ ಕೂತವರನ್ನು ಎಬ್ಬಿಸಿ ಕಳಿಸಿದ ಹಾಗೆ. ಸೇವಾಶುಲ್ಕ ಬೆಲೆಯಲ್ಲೇ ಸೇರಿರುತ್ತದೆ. ಅಮೆರಿಕದ ಮಾಣಿಯಂತೆ ಟಿಪ್ಸ್‌ಗಾಗಿ ನಗುವ ಒತ್ತಡವೂ ಅವನಿಗಿಲ್ಲ.

ಹಾಗಂತ ಪ್ಯಾರಿಸ್ಸಿನವರಿಗೆ ಪೂರ್ತಿ ಕ್ಲೀನ್ ಚಿಟ್ ಕೊಡಲಾಗದು. ತಪ್ಪು ಫ್ರೆಂಚ್ ಕೇಳಿ ಹುಬ್ಬೇರಿಸುವವರು ಅಲ್ಲಿ ನಿಜಕ್ಕೂ ಇದ್ದಾರೆ. ಪ್ರವಾಸಿಗರ ಕಾಟವೂ ಸಣ್ಣದಲ್ಲ: ಲೂವ್ರ್ ಮ್ಯೂಸಿಯಂ ಒಂದಕ್ಕೇ 2018ರಲ್ಲಿ ಒಂದು ಕೋಟಿಗೂ ಹೆಚ್ಚು ಜನ ಬಂದಿದ್ದರು. ದಿನವಿಡೀ ದಾರಿ ಹೇಳಿ ಸುಸ್ತಾದವರಿಂದ ಸದಾ ನಗುಮುಖ ಬಯಸುವುದು ಸ್ವಲ್ಪ ಜಾಸ್ತಿಯೇ.

ಅಲ್ಲಿಗೆ ಹೋಗುವವರು ನಾಲ್ಕು ಫ್ರೆಂಚ್ ಮಾತು ಕಲಿತು ಹೋಗಿ. ಮೊದಲು ನಮಸ್ಕಾರ ಹೇಳಿ, ಬಿಲ್ ಬೇಕಾದಾಗ ಕೇಳಿ ತರಿಸಿಕೊಳ್ಳಿ.