ಟ್ರಾಕ್ಟರ್ ನಮ್ದು, ಕೀಲಿಕೈ ಯಾರ್ದು?

ಹೋದ ಬೇಸಿಗೆಯಲ್ಲಿ ನಮ್ಮ ಬೋರಿನ ಮೋಟ್ರು ಸುಟ್ಟುಹೋಯ್ತು. ನೀರು ನಿಂತ ಮೇಲೂ ರಾತ್ರಿಯೆಲ್ಲ ಓಡಿತ್ತು. ಚಾಲೂ ಮಾಡಿದ್ದು ನಾನಲ್ಲ. ಹೊಲ ಊರಿಂದ ಎರಡು ಮೈಲಿ. ರಾತ್ರಿ ಕರೆಂಟಿಗೆ ಕಾಯೋದು ತಪ್ಪಲಿ ಅಂತ ಸಿಮ್ ಹಾಕುವ ಮೊಬೈಲ್ ಸ್ಟಾರ್ಟರ್ ಕೂರಿಸಿದ್ದೆ. ಆ ನಂಬರಿಗೆ ಯಾರು ಫೋನ್ ಮಾಡಿದ್ರೂ ಮೋಟ್ರು ಏಳ್ತಿತ್ತು ಅಂತ ಗೊತ್ತಾಗಿದ್ದು ಸುಟ್ಟ ಮೇಲೆ. ಯಾವುದೋ ರಾಂಗ್ ನಂಬರ್ ಬಂದಿರಬೇಕು. ಕೂರಿಸಿದವನು ನಮ್ಮ ಫೋನ್ ನಂಬರನ್ನ ಅದರಲ್ಲಿ ಸೇರಿಸಿರಲಿಲ್ಲ. ನೀರಿಲ್ಲದಾಗ ತಾನೇ ನಿಲ್ಲುವ ಸೌಲಭ್ಯ ಇತ್ತಂತೆ, ಅದನ್ನೂ ಹಚ್ಚಿರಲಿಲ್ಲ. ಪಾಸ್‌ವರ್ಡು ಡಬ್ಬಿ ಜೊತೆ ಬಂದ 1234 ಹಾಗೇ ಇತ್ತು.

ತಂಗಿ ಮಗ ಬೆಂಗಳೂರಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಅವನ ಮುಂದೆ ಗೋಳು ಹೇಳಿಕೊಂಡೆ. "ಮಾವ, ನಿನ್ನ ಸ್ಟಾರ್ಟರ್ ಬಿಡು, ಅಮೆರಿಕದ ದೊಡ್ಡ ದೊಡ್ಡ ಟ್ರಾಕ್ಟರಿಂದೂ ಬೀಗದ ಗೋಳೇ" ಅಂದು ಒಬ್ಬ ಸಂಶೋಧಕನ ಕಥೆ ಹೇಳಿದ.

ಆ ಸಂಶೋಧಕ ಆಸ್ಟ್ರೇಲಿಯಾದವನು. ಸಿಕ್ ಕೋಡ್ಸ್ ಅನ್ನೋ ಅಡ್ಡಹೆಸರಲ್ಲೇ ಕೆಲಸ ಮಾಡ್ತಾನೆ. ಇಂಟರ್ನೆಟ್ಟಿಗೆ ಕಟ್ಟಿದ ಯಂತ್ರಗಳಲ್ಲಿ ಕಳ್ಳ ನುಗ್ಗುವಂಥ ಸಂದಿ ಎಲ್ಲಿದೆ ಅಂತ ಹುಡುಕೋದು ಅವನ ಕಸುಬು. 2021ರಲ್ಲಿ ಜಾನ್ ಡೀರ್ ಕಂಪನಿಯ ಕಂಪ್ಯೂಟರ್ ವ್ಯವಸ್ಥೆ ಜಾಲಾಡಿದ. ನಮ್ಮ ಕಡೆಯೂ ಓಡಾಡ್ತಾವಲ್ಲ, ಅದೇ ಹಸಿರು ಟ್ರಾಕ್ಟರಿನ ಕಂಪನಿ. ಟ್ರಾಕ್ಟರಿನ ನಂಬರ್ ಕೊಟ್ಟರೆ ಅದರ ಮಾಲೀಕನ ಹೆಸರು, ವಿಳಾಸ ಹೊರಗಿನವರಿಗೂ ಸಿಗುವಂತಿತ್ತು! ಇವನು ತಿಳಿಸಿದ ಮೇಲೆ ಕಂಪನಿ ಅದನ್ನ ಸರಿಮಾಡಿತು.

ಅಲ್ಲಿನ ದೊಡ್ಡ ಟ್ರಾಕ್ಟರಿನ ಕ್ಯಾಬಿನ್ನಲ್ಲಿ ಟಿ.ವಿ.ಯಂಥ ಪರದೆ ಇರುತ್ತೆ. ಉಪಗ್ರಹ ನೋಡಿಕೊಂಡು ನೇರ ಸಾಲು ಹೊಡೆಸೋದು, ಬಿತ್ತನೆ ಲೆಕ್ಕ ಇಡೋದು ಎಲ್ಲ ಅದರಲ್ಲೇ. ಸಣ್ಣ ಸೆನ್ಸಾರ್ ಕೆಟ್ಟರೂ ಇಂಜಿನ್ ಶಕ್ತಿ ಇಳಿದುಬಿಡಬಹುದು. ಕೆಲವು ಭಾಗಗಳನ್ನ ರೈತನೇ ಬದಲಾಯಿಸಿದ್ರೂ ಪ್ರಯೋಜನ ಇರ್ತಿರಲಿಲ್ಲ. ಡೀಲರ್ ಕಡೆಯವನು ಲ್ಯಾಪ್‌ಟಾಪ್ ತಂದು ಒಪ್ಪಿಗೆ ಕೊಟ್ಟ ಮೇಲೇ ಯಂತ್ರ ಅದನ್ನ ಒಪ್ತಿತ್ತು. ಸುಗ್ಗಿ ಹೊತ್ತಲ್ಲಿ, ಮೋಡ ಕವಿದಾಗ ಹೀಗೆ ಕೈಕಟ್ಟಿ ಕೂರೋದು ಅಂದ್ರೆ ಏನು ಅಂತ ರೈತರಿಗೆ ಬೇರೆ ಹೇಳಬೇಕಾ? ಇಂಥ ಕಂಪ್ಯೂಟರ್ ಬೀಗ ಒಡೆಯೋದು ಅಮೆರಿಕದಲ್ಲಿ 1998ರ ಕಾಯ್ದೆ ಪ್ರಕಾರ ತಪ್ಪು. ಸ್ವಂತ ಟ್ರಾಕ್ಟರ್ ರಿಪೇರಿಗೆ ವಿನಾಯ್ತಿ ಸಿಕ್ಕಿದ್ದು 2015ರಲ್ಲಿ.

2022ರ ಆಗಸ್ಟಿನಲ್ಲಿ ಲಾಸ್ ವೇಗಸ್ ಊರಿನ ಡೆಫ್ ಕಾನ್ ಸಮ್ಮೇಳನದಲ್ಲಿ ಇವನು ಆ ಬೀಗ ಬಿಚ್ಚಿ ತೋರಿಸಿದ. ಹಲವು ಪರದೆಗಳನ್ನ ಕೊಂಡು, ತಿಂಗಳುಗಟ್ಟಲೆ ಕೂತು, ಒಳಗಿನ ಹಲಗೆಗೆ ತಂತಿ ಬೆಸುಗೆ ಹಾಕಿದ್ದ. 'ಬಂದವನು ಡೀಲರ್' ಅಂತ ಯಂತ್ರ ನಂಬಿದ್ದೇ ತಡ, ರೈತನಿಗೆ ತೋರಿಸದ ದೋಷದ ದಾಖಲೆಯನ್ನೆಲ್ಲ ಮುಂದಿಟ್ಟಿತು. ಆ ಪರದೆ ಮೇಲೆ ಡೂಮ್ ಅನ್ನೋ ಹಳೇ ಗುಂಡು ಹಾರಿಸೋ ಆಟವನ್ನ, ಮೆಕ್ಕೆಜೋಳದ ಹೊಲದ ಚಿತ್ರ ಹಾಕಿ, ಆಡಿಸಿಯೂ ತೋರಿಸಿದ. ದೂರದಲ್ಲಿ ಕೂತು ಮಾಡಿದ ಕೆಲಸ ಅಲ್ಲ ಇದು. ಪೆಟ್ಟಿಗೆ ಕೈಗೆ ಸಿಗಬೇಕು. ಆದ್ರೆ ರೈತನನ್ನ ಹೊರಗಿಟ್ಟ ಬೀಗ ಎಷ್ಟು ಗಟ್ಟಿ ಅನ್ನೋದು ಗೊತ್ತಾಯ್ತಲ್ಲ.

ಕಂಪನಿ ಕೈಯಲ್ಲಿ ಕೀಲಿ ಇದ್ರೆ ಒಳ್ಳೇದೂ ಆಗುತ್ತೆ ಅನ್ನೋರಿದ್ದಾರೆ. ಸುಳ್ಳಲ್ಲ. ಅದೇ 2022ರಲ್ಲಿ ರಷ್ಯದ ಸೈನಿಕರು ಉಕ್ರೇನಿನ ಮೆಲಿಟೊಪೋಲ್ ಊರಿನ ಡೀಲರ್ ಹತ್ರ ಸುಮಾರು 50 ಲಕ್ಷ ಡಾಲರಿನ ಇದೇ ಕಂಪನಿ ಯಂತ್ರಗಳನ್ನ ಕದ್ದು ಚೆಚೆನ್ಯಾದವರೆಗೆ ಸಾಗಿಸಿದರು. ದೂರದಿಂದಲೇ ಬೀಗ ಬಿತ್ತು, ಅವು ಚಾಲೂ ಆಗಲಿಲ್ಲ. ಓದಿ ನನಗೂ ಖುಷಿಯಾಯ್ತು. ರಾತ್ರಿ ಮಲಗಿದಾಗ ಯೋಚನೆ ಬಂತು: ಕಳ್ಳನ ಟ್ರಾಕ್ಟರ್ ನಿಲ್ಲಿಸೋ ಕೈ ಕಂತು ತಪ್ಪಿದ ನನ್ನ ಟ್ರಾಕ್ಟರನ್ನೂ ನಿಲ್ಲಿಸಬಹುದಲ್ಲ? ಆ ಕೈಯಿಂದ ಕೀಲಿ ಇನ್ಯಾರೋ ಕಸಿದುಕೊಂಡ್ರೆ, ಬಿತ್ತನೆ ವಾರದಲ್ಲಿ ಸಾವಿರಾರು ಟ್ರಾಕ್ಟರ್ ಒಟ್ಟಿಗೇ ನಿಂತ್ರೆ?

ಅಲ್ಲಿನ ರೈತರು ಸುಮ್ಮನೆ ಕೂರಲಿಲ್ಲ. ಕೊಲೊರಾಡೊ ರಾಜ್ಯ 2023ರಲ್ಲಿ ಕಾಯ್ದೆ ಮಾಡಿತು. ಕೃಷಿ ಯಂತ್ರದ ಕೈಪಿಡಿ, ಬಿಡಿಭಾಗ, ತಂತ್ರಾಂಶವನ್ನ ತಯಾರಿಸಿದವರು ರೈತರಿಗೂ ಹೊರಗಿನ ಮೆಕ್ಯಾನಿಕ್‌ಗಳಿಗೂ ಕೊಡಬೇಕು. 2024ರ ಜನವರಿ 1ರಿಂದ ಜಾರಿ. ಅಮೆರಿಕದ ಕೇಂದ್ರ ವ್ಯಾಪಾರ ಆಯೋಗವೂ 2025ರ ಜನವರಿಯಲ್ಲಿ ರಿಪೇರಿ ವಿಚಾರಕ್ಕೇ ಈ ಕಂಪನಿ ಮೇಲೆ ಕೇಸು ಹಾಕಿತು. ನಮ್ಮ ಕೇಂದ್ರ ಸರ್ಕಾರದ ಗ್ರಾಹಕ ಇಲಾಖೆ 2022ರ ಜುಲೈಯಲ್ಲಿ ರಿಪೇರಿ ಹಕ್ಕಿಗೆ ಸಮಿತಿ ಮಾಡಿದಾಗ ಕೃಷಿ ಉಪಕರಣವನ್ನೂ ಪಟ್ಟಿಗೆ ಸೇರಿಸಿತ್ತು. ಇಂಥ ಸಮಿತಿ ಮುಂದೆ ಹೇಳಿಕೊಳ್ಳೋಕೆ ನಮ್ಮ ಹತ್ರ ಸ್ಟಾರ್ಟರ್ ಕಥೆಗಳು ಬೇಕಾದಷ್ಟಿವೆ.

ಮೊಬೈಲ್ ಸ್ಟಾರ್ಟರ್ ಇರುವವರು ಇವತ್ತೇ ಬೇರೆಯವರ ಫೋನಿಂದ ಅದಕ್ಕೊಂದು ಕರೆ ಮಾಡಿ ನೋಡಿ. ಮೋಟ್ರು ಎದ್ದರೆ ಕೂರಿಸಿದವನನ್ನ ಕರೆಸಿ, ನಿಮ್ಮ ನಂಬರ್ ಮಾತ್ರ ಸೇರಿಸಿ, ಪಾಸ್‌ವರ್ಡ್ ನೀವೇ ಬದಲಾಯಿಸಿ. ನಮ್ಮನೆ ಪಾಸ್‌ವರ್ಡು ನನಗೂ ಮಗಳಿಗೂ ಮಾತ್ರ ಗೊತ್ತು. ಅಳಿಯ ಮೊನ್ನೆ ಹಬ್ಬಕ್ಕೆ ಬಂದಾಗ ಕೇಳಿದ. ಹೇಳಲಿಲ್ಲ.