ಟ್ರಂಕಿನೊಳಗಿನ ಊರು

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಮಸ್ಕಿಯಲ್ಲಿಳಿದು ಬೆಟ್ಟದ ಬಂಡೆಗಳ ನಡುವೆ ತುಸು ಏರಿದರೆ, ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನ ಬ್ರಾಹ್ಮೀ ಅಕ್ಷರಗಳು ಕಾಣಸಿಗುತ್ತವೆ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರನ ಕಣ್ಣಿಗೆ ಈ ಲಿಪಿ ಬೀಳುವ ತನಕ, ಶಾಸನಗಳಲ್ಲಿ ದೇವಾನಾಂಪ್ರಿಯನೆಂದೂ ಪ್ರಿಯದರ್ಶಿಯೆಂದೂ ಮಾತ್ರ ಕರೆಯಿಸಿಕೊಂಡಿದ್ದ ಅರಸನು ಅಶೋಕನೇ ಎಂದು ತನ್ನ ಬಾಯಿಂದಲೇ ಹೇಳುವ ಕಲ್ಲೊಂದು ವಿದ್ವಾಂಸರಿಗೆ ದೊರೆತಿರಲಿಲ್ಲ. ಅರಸನ ಹೆಸರನ್ನು ಬಂಡೆ ಕಾಯ್ದುಕೊಂಡಿತು. ಬಂಡೆಯ ಭಾಗ್ಯವಿಲ್ಲದವರ ಹೆಸರುಗಳು ಎಲ್ಲಿ ಉಳಿದಾವು ಎಂಬ ಪ್ರಶ್ನೆಯನ್ನು ಹೊತ್ತುಕೊಂಡೇ ನಾನು ಸಿಂಧನೂರಿನ ಬಸ್ಸು ಹತ್ತಿದೆನು.

ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿದು, ಜೋಳ ಬೆಳೆಯುತ್ತಿದ್ದ ಎರೆಭೂಮಿ ಭತ್ತದ ಗದ್ದೆಯಾದ ಮೇಲೆ, ಆಂಧ್ರದ ಕರಾವಳಿಯಿಂದ ಬಂದ ರೈತರು ಅಲ್ಲಲ್ಲಿ ಬೀಡು ಬಿಟ್ಟುದರಿಂದ, ಈ ಸೀಮೆಯಲ್ಲಿ ‘ಕ್ಯಾಂಪು’ ಎಂಬುದು ಹಳ್ಳಿಗೆ ಪರ್ಯಾಯಪದವೇ ಆಗಿಹೋಗಿದೆ. ಆದರೆ ಆರ್.ಎಚ್., ಅಂದರೆ ಪುನರ್ವಸತಿ, ಕ್ಯಾಂಪುಗಳ ಕಥೆ ಬೇರೆ. ಪೂರ್ವಪಾಕಿಸ್ತಾನದಲ್ಲಿ ಮನೆಮಠಗಳನ್ನು ಕಳೆದುಕೊಂಡು ಬಂದ ಬಂಗಾಳಿಗಳಿಗೂ, ಬರ್ಮಾದಿಂದ ಮರಳಿದ ಕುಟುಂಬಗಳಿಗೂ ಸರ್ಕಾರ ಪುನರ್ವಸತಿ ಕಲ್ಪಿಸಿದ ಈ ನೆಲೆಗಳಿಗೆ ಬರಿಯ ಅಂಕಿಗಳೇ ಹೆಸರಾದವು. ಇಂದು ಇಲ್ಲಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಶಂಖದ ಧ್ವನಿ ಕೇಳುತ್ತದೆ. ಶರದೃತುವಿನಲ್ಲಿ ದುರ್ಗೆಯ ಮಣ್ಣಿನ ಮೂರ್ತಿ ನಿಲ್ಲುತ್ತದೆ. ಮನೆಯೊಳಗೆ ಬಂಗಾಳಿಯಾಡುವ ಮಕ್ಕಳು ಬೀದಿಗೆ ಬಂದೊಡನೆ ಅಪ್ಪಟ ರಾಯಚೂರು ಕನ್ನಡ ಮಾತಾಡುತ್ತವೆ.

ಅಂತಹ ಒಂದು ಕ್ಯಾಂಪಿನ ಮನೆಯ ಜಗಲಿಯಲ್ಲಿ, ಬಿಳಿಯ ಶಂಖದ ಬಳೆ ತೊಟ್ಟ ವೃದ್ಧೆಯೊಬ್ಬರು ತಗಡಿನ ಟ್ರಂಕನ್ನು ತೆರೆದು, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಕಾಗದವೊಂದನ್ನು ನನ್ನ ಅಂಗೈಯ ಮೇಲಿಟ್ಟರು. ಮಡಿಕೆಗಳಲ್ಲಿ ಅದು ನಾಲ್ಕಾಗಿ ಬಿರಿದಿತ್ತು. ಮೊಹರಿನ ನೇರಿಳೆಬಣ್ಣ ಮಾತ್ರ ಉಳಿದು, ಬರೆಹದ ಶಾಯಿ ಬಹುಮಟ್ಟಿಗೆ ಮಾಸಿಹೋಗಿತ್ತು. “ನಮ್ಮಪ್ಪ ಇದನ್ನ ಎಂದೂ ಒಗೀಬ್ಯಾಡ ಅಂದಿದ್ರಿ. ನನಗ ಓದಾಕ ಬರಂಗಿಲ್ರಿ, ಇಟ್ಟೀನಿ ನೋಡ್ರಿ,” ಎಂದರು.

ಆ ಮಾತು ಕಿವಿಗೆ ಬಿದ್ದೊಡನೆ ನನ್ನ ಮನಸ್ಸು ಎಂಟುನೂರು ವರ್ಷಗಳಿಗೂ ಹಿಂದಿನ ಮಂಗಳೂರಿಗೆ, ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನ ಮನೆಗೆ ಹೋಯಿತು. ಟ್ಯುನೀಷಿಯಾದ ಮಹ್ದಿಯಾದವನಾದ ಆತ ಏಡನ್ನಿನ ಮಾರ್ಗವಾಗಿ ನಮ್ಮ ಕರಾವಳಿಗೆ ಬಂದು, 1132ರ ಸುಮಾರಿನಿಂದ 1149ರವರೆಗೆ ಮೆಣಸು, ಅಡಕೆ, ಕಬ್ಬಿಣಗಳ ವ್ಯಾಪಾರ ಮಾಡಿಕೊಂಡು, ಕಂಚಿನ ಕಾರ್ಖಾನೆಯೊಂದನ್ನೂ ನಡೆಸಿದನು. ಆಶು ಎಂಬ ದಾಸಿಯನ್ನು ಇಲ್ಲಿಯೇ ಪತ್ರ ಬರೆದುಕೊಟ್ಟು ಬಿಡುಗಡೆ ಮಾಡಿದನು. ಏಡನ್ನಿನ ಗೆಳೆಯರು ಆತನಿಗೆ ಸಕ್ಕರೆ, ಒಣದ್ರಾಕ್ಷಿಗಳ ಜೊತೆಗೆ ಕಾಗದವನ್ನೂ ಉಡುಗೊರೆಯಾಗಿ ಕಳುಹಿಸುತ್ತಿದ್ದರು. ಇಲ್ಲಿ ಅದು ಅಷ್ಟು ದುರ್ಲಭವಾಗಿದ್ದುದರಿಂದಲೇ ಆತ ಬಂದ ಓಲೆಗಳ ಬೆನ್ನಮೇಲೆ ತನ್ನ ಲೆಕ್ಕಪತ್ರಗಳನ್ನು ಬರೆದಿಟ್ಟನು. ದೇವರ ಹೆಸರಿರಬಹುದಾದ ಯಾವ ಬರೆಹವನ್ನೂ ನಾಶಮಾಡಬಾರದೆಂಬ ಯೆಹೂದ್ಯರ ಶ್ರದ್ಧೆಯಿಂದಾಗಿ ಆ ಹಾಳೆಗಳು ಕೈರೋ ಬಳಿಯ ಫುಸ್ತಾತ್‌ನ ಪ್ರಾರ್ಥನಾಮಂದಿರದ ‘ಗೆನೀಜಾ’ ಕೋಣೆಯಲ್ಲಿ ಶತಮಾನಗಳ ಕಾಲ ಮಲಗಿದ್ದು, ವಿದ್ವಾಂಸ ಸಾಲೊಮನ್ ಶೆಕ್ಟರರ ಪ್ರಯತ್ನದಿಂದ 1897ರಲ್ಲಿ ಕೇಂಬ್ರಿಜ್ ಸೇರಿದ ಅಪಾರ ರಾಶಿಯಲ್ಲಿ ಬೆಳಕಿಗೆ ಬಂದವು. ಚರಿತ್ರಕಾರ ಎಸ್.ಡಿ. ಗೊಯ್ಟೈನ್ ತಮ್ಮ ಆಯುಷ್ಯದ ಬಹುಭಾಗವನ್ನು ಇಂತಹ ಪತ್ರಗಳಿಗೇ ಮುಡಿಪಾಗಿಟ್ಟರು.

ಆ ಓಲೆಗಳಲ್ಲಿ ಬೆನ್ ಯಿಜುವಿನ ಸೇವಕನೊಬ್ಬನ ಹೆಸರು ಬರುತ್ತದೆ. ಹೀಬ್ರೂ ಲಿಪಿಯಲ್ಲಿ ಸ್ವರಗಳನ್ನು ಸಾಮಾನ್ಯವಾಗಿ ಬರೆಯದುದರಿಂದ ಅದು ಕೇವಲ ಮೂರು ಅಕ್ಷರ. ಅದು ನಮ್ಮ ನಾಡಿನ ‘ಬೊಮ್ಮ’ನೇ ಇರಬೇಕೆಂದು ಲೇಖಕ ಅಮಿತಾವ್ ಘೋಷರಿಗೆ ತೋರಿಸಿಕೊಟ್ಟವರು ಮಂಗಳೂರಿನ ವಿದ್ವಾಂಸರಾದ ಬಿ.ಎ. ವಿವೇಕ ರೈ. ಒಡೆಯನ ಸರಕಿಗಾಗಿ ಏಡನ್‌ವರೆಗೆ ಹೋಗಿಬಂದ ಆ ಬೊಮ್ಮನಿಗೆ ಅಲ್ಲಿಯ ವರ್ತಕರು ‘ಸೋದರ’ನೆಂದು ಕರೆದು ಕುಶಲ ಹೇಳಿಕಳುಹಿಸುತ್ತಿದ್ದರು. ಆ ಒಂದು ಹೆಸರು ಮಸ್ಕಿಯ ಶಾಸನದಷ್ಟೇ ಅಮೂಲ್ಯವೆಂದು ನಾನು ಭಾವಿಸುತ್ತೇನೆ. ಏಕೆಂದರೆ ಅದನ್ನು ಕಾಯ್ದುಕೊಳ್ಳುವುದಕ್ಕೆ ಯಾವ ಸಾಮ್ರಾಜ್ಯವೂ ಇರಲಿಲ್ಲ.

ಬೊಮ್ಮನಂತೆಯೇ ಬಂಡೆಯ ಭಾಗ್ಯವಿಲ್ಲದ ಈ ಕ್ಯಾಂಪಿನ ಹಿರಿಯರಿಗೆ ತಮ್ಮ ಊರಿನ ಹೊಳೆಯ ಹೆಸರು ಗೊತ್ತು, ದೋಣಿ ಹತ್ತಿದ ಇರುಳು ಗೊತ್ತು, ದಾರಿಯಲ್ಲಿ ತೀರಿಕೊಂಡ ಕೂಸು ಯಾವ ಮರದ ಕೆಳಗೆ ಮಲಗಿದೆಯೆಂಬುದೂ ಗೊತ್ತು. ಇವನ್ನು ಬಂಗಾಳಿಯಲ್ಲಿ ಕೇಳಿ ಕನ್ನಡದಲ್ಲಿ ಬರೆದುಕೊಳ್ಳಬಲ್ಲ ಹುಡುಗ ಹುಡುಗಿಯರು ಅದೇ ಮನೆಗಳಲ್ಲಿದ್ದಾರೆ. ಅವರ ಕೈಗೆ ಒಂದೊಂದು ನೋಟುಪುಸ್ತಕ ಕೊಡುವುದಕ್ಕೆ ಇನ್ನು ತಡಮಾಡಲಾಗದು.

ನಾನು ಏಳುವ ಹೊತ್ತಿಗೆ ಶಾಲೆ ಬಿಟ್ಟು ಬಂದ ಮೊಮ್ಮಗಳು ಅಜ್ಜಿಯ ಪಕ್ಕದಲ್ಲಿ ಕುಳಿತು, ಆ ಕಾಗದದ ಅಳಿಸಿಹೋದ ಸಾಲಿನ ಮೇಲೆ ಬೆರಳಾಡಿಸುತ್ತ ಏನನ್ನೋ ಬಂಗಾಳಿಯಲ್ಲಿ ಕೇಳಿದಳು. ಅಜ್ಜಿ ಒಂದು ಊರಿನ ಹೆಸರು ಹೇಳಿದರು. ಹುಡುಗಿ ಪಾಟೀಚೀಲದಿಂದ ಪೆನ್ಸಿಲು ತೆಗೆದು, ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಅದನ್ನು ಕನ್ನಡ ಅಕ್ಷರಗಳಲ್ಲಿ ಬರೆದುಕೊಂಡಳು.