ಕಾಲುಗುರು ಮಾಂಸದೊಳಕ್ಕೆ ಬೆಳೆಯುವ ಬಾಧೆ: ಅದರ ಚಿಕಿತ್ಸೆಯೂ ನಿವಾರಣೆಯೂ

ಎತ್ತಿನ ಗೊರಸು ಸವೆದರೆ ಲಾಳ ಹೊಡೆಸುವುದೂ, ಗೊರಸಿನ ಸಂದಿನಲ್ಲಿ ಮುಳ್ಳು ಮುರಿದರೆ ಆ ಹೊತ್ತೇ ಕೀಳಿಸುವುದೂ ನಮ್ಮ ಬೇಸಾಯಗಾರರಲ್ಲಿ ತಲೆತಲಾಂತರದಿಂದ ನಡೆದುಬಂದ ವಾಡಿಕೆ. ಕುಂಟುವ ಎತ್ತಿನಿಂದ ನೇಗಿಲು ಸಾಗದೆಂಬುದನ್ನು ಅವರಿಗೆ ಯಾರೂ ಹೇಳಬೇಕಾದುದಿಲ್ಲ. ಆದರೆ ಅದೇ ಹೊಲದಲ್ಲಿ ದುಡಿಯುವ ಕೂಲಿಯವರ ಕಾಲುಗಳನ್ನಾಗಲಿ, ತಮ್ಮ ಸ್ವಂತ ಕಾಲುಗಳನ್ನಾಗಲಿ ಅಷ್ಟೇ ಗಮನದಿಂದ ನೋಡುವವರು ವಿರಳ. ಕಾಲಿನ ಹೆಬ್ಬೆರಳಿನ ಉಗುರು ಮಗ್ಗುಲ ಮಾಂಸದೊಳಕ್ಕೆ ಇಳಿದು ಬೆಳೆಯುವ ಬಾಧೆಯು ಹೀಗೆ ಅಲಕ್ಷ್ಯಕ್ಕೆ ಗುರಿಯಾಗಿರುವ ವ್ಯಾಧಿಗಳಲ್ಲೊಂದು. ಇದನ್ನು ತಡೆಯಲು ಹಣ ಬೇಡ. ಉಗುರು ಕತ್ತರಿಸುವ ರೀತಿಯನ್ನು ತಿದ್ದಿಕೊಂಡರೆ ಬಹುಮಟ್ಟಿಗೆ ಸಾಕು. ತಡಮಾಡಿದರೆ ಮಾತ್ರ ಬೆರಳಿಗೂ, ಕೆಲವರಲ್ಲಿ ಪಾದಕ್ಕೂ ಅಪಾಯವುಂಟಾಗುವುದು.

ತುಂಗಭದ್ರಾ ಅಣೆಕಟ್ಟು 1953ರಲ್ಲಿ ಸಿದ್ಧವಾಗಿ ಕಾಲುವೆಗಳಲ್ಲಿ ನೀರು ಹರಿದ ತರುವಾಯ, ಸಿರುಗುಪ್ಪ ಮತ್ತು ಕುರುಗೋಡು ಪ್ರಾಂತಗಳಲ್ಲಿ ಜೋಳ ಹತ್ತಿಗಳನ್ನು ಬೆಳೆಯುತ್ತಿದ್ದ ಎಷ್ಟೋ ಎರೆಭೂಮಿಯು ಬತ್ತದ ಗದ್ದೆಯಾಯಿತು. ನಾಟಿಯ ದಿನಗಳಲ್ಲಿ ಕೂಲಿಯವರು, ಅವರಲ್ಲಿಯೂ ಮುಖ್ಯವಾಗಿ ಹೆಂಗಸರು, ಬೆಳಗಿನಿಂದ ಸಂಜೆಯವರೆಗೆ ಬರಿಗಾಲಿನಲ್ಲಿ ಕೆಸರು ತುಳಿಯುತ್ತಾರೆ. ಬಹಳ ಹೊತ್ತು ನೀರಿನಲ್ಲಿ ನೆನೆದ ಚರ್ಮವು ಮೆತ್ತಗಾಗಿ ಉಬ್ಬುವುದರಿಂದ ಉಗುರಿನ ಚೂಪಾದ ಅಂಚು ಸುಲಭವಾಗಿ ಒಳಗೆ ನಾಟುತ್ತದೆ. ನಾಟಿದ ಗಾಯದೊಳಕ್ಕೆ ಕೆಸರಿನ ಕ್ರಿಮಿಗಳು ಹೋಗುತ್ತವೆ. ಮಳೆಯಾಶ್ರಿತ ಹೊಲಗಳಲ್ಲಿ ಗಟ್ಟಿ ಹೆಂಟೆಗಳಿಗೆ ಎಡವಿ ಉಗುರು ಜಜ್ಜಿಹೋಗುವುದುಂಟು. ಬಳ್ಳಾರಿ ನಗರದಲ್ಲಿ ಕಾರಣವೇ ಬೇರೆ: ಅಲ್ಲಿನ ಬಿಸಿಲಿನಲ್ಲಿ ದಿನವೆಲ್ಲ ತೊಟ್ಟಿರುವ, ಮುಂತುದಿ ಕಿರಿದಾದ ಬೂಟುಗಳೊಳಗೆ ಕಾಲು ಬೆವೆತು, ಬೆರಳುಗಳು ಒತ್ತಿಕೊಂಡಿರುತ್ತವೆ. ಪ್ರಾಯಕ್ಕೆ ಬರುತ್ತಿರುವ ಹುಡುಗರಲ್ಲಿ ಈ ಬಾಧೆ ಹೆಚ್ಚಾಗಿ ಕಾಣುವುದಕ್ಕೆ ಇದೂ ಒಂದು ಕಾರಣ.

ಇವೆಲ್ಲಕ್ಕಿಂತ ಸಾಮಾನ್ಯವಾದ ಕಾರಣ ಉಗುರನ್ನು ತಪ್ಪಾಗಿ ಕತ್ತರಿಸುವುದು. ಕೈಯುಗುರಿನಂತೆ ಕಾಲುಗುರನ್ನೂ ಗುಂಡಗೆ ಕತ್ತರಿಸಿ, ಮೂಲೆಗಳನ್ನು ಆಳಕ್ಕೆ ತೆಗೆಯುವ ರೂಢಿ ಬಹಳ ಜನರಲ್ಲಿದೆ. ಹಾಗೆ ತೆಗೆಯುವಾಗ ಕತ್ತರಿಗೆ ಎಟುಕದ ಒಂದು ಸಣ್ಣ ಸಿಬರು ಬದಿಯಲ್ಲಿ ಉಳಿಯುತ್ತದೆ. ಮೂಲೆಯ ಉಗುರಿಲ್ಲದೆ ಮಗ್ಗುಲ ಮಾಂಸವು ಮೇಲೆದ್ದಿರುವುದರಿಂದ, ಆ ಸಿಬರು ಮುಂದಕ್ಕೆ ಬೆಳೆದಂತೆಲ್ಲ ಮುಳ್ಳಿನ ಹಾಗೆ ಅದರಲ್ಲಿ ನಾಟುತ್ತದೆ. ನೋವು ತಾಳಲಾರದೆ ಮೂಲೆಯನ್ನು ಇನ್ನಷ್ಟು ಆಳಕ್ಕೆ ಕತ್ತರಿಸಿದರೆ ಎರಡು ದಿನ ಹಗುರವೆನಿಸಿ, ಮುಂದಿನ ತಿಂಗಳು ಇಮ್ಮಡಿಯಾಗಿ ಬಾಧಿಸುವುದು.

ರೋಗವು ಮೂರು ಹಂತಗಳಲ್ಲಿ ಬಲಿಯುತ್ತದೆ. ಮೊದಲು ಉಗುರಿನ ಒಂದು ಬದಿ ಕೆಂಪೇರಿ, ಊದಿಕೊಂಡು, ಮುಟ್ಟಿದರೆ ನೋಯುತ್ತದೆ. ಎರಡನೆಯ ಹಂತದಲ್ಲಿ ಕೀವು ಕಟ್ಟಿ ಒಸರುತ್ತದೆ. ಮೂರನೆಯದರಲ್ಲಿ ಮುಟ್ಟಿದೊಡನೆ ರಕ್ತ ಒಸರುವ ಕೆಂಪು ಮಾಂಸ ಬೆಳೆದು ಉಗುರಿನ ಅಂಚನ್ನೇ ಮುಚ್ಚಿಬಿಡುತ್ತದೆ. ಸುಶ್ರುತಸಂಹಿತೆಯು ಉಗುರಿನ ಮಾಂಸದಲ್ಲಿ ಉರಿಯೂ ಕೀವೂ ಉಂಟಾಗುವ ವ್ಯಾಧಿಯನ್ನು ‘ಚಿಪ್ಪ’ವೆಂದು ಕರೆದು ಕ್ಷುದ್ರರೋಗಗಳ ಸಾಲಿನಲ್ಲಿ ಹೇಳಿದೆ. ಹೆಸರಿಗೆ ಕ್ಷುದ್ರವಾದರೂ ನಾಟಿಯ ಕಾಲದಲ್ಲಿ ಅದು ಮಾಡುವ ನಷ್ಟ ಕ್ಷುದ್ರವಲ್ಲ. ಸಸಿಗೆ 25–30 ದಿನಗಳಾಗುವಷ್ಟರಲ್ಲಿ ನಾಟಿ ಮುಗಿಯಬೇಕು. ಆ ಕೆಲವೇ ದಿನಗಳಲ್ಲಿ ಹೆಜ್ಜೆಯೂರಲಾರದೆ ಮನೆಯಲ್ಲಿ ಉಳಿದ ಕೂಲಿಯಾಕೆಯು ಆ ಹಂಗಾಮಿನ ಕೂಲಿಯನ್ನೇ ಕಳೆದುಕೊಳ್ಳುತ್ತಾಳೆ.

ಮೊದಲನೆಯ ಹಂತದಲ್ಲಿ ಮನೆಯ ಉಪಚಾರ ಸಾಕಾಗುವುದು. ಒಂದು ಲೀಟರು ಬೆಚ್ಚನೆಯ ನೀರಿಗೆ ಒಂದೆರಡು ಚಹಾ ಚಮಚ ಉಪ್ಪು ಹಾಕಿ, ದಿನಕ್ಕೆ ಮೂರು ನಾಲ್ಕು ಸಲ, ಪ್ರತಿ ಸಲವೂ 15–20 ನಿಮಿಷ ಪಾದವನ್ನು ಅದರಲ್ಲಿ ಇಡತಕ್ಕದ್ದು. ಬಳಿಕ ಶುಭ್ರವಾದ ಬಟ್ಟೆಯಿಂದ ಬೆರಳುಗಳ ಸಂದುಗಳನ್ನೂ ಬಿಡದೆ ತೇವ ಆರಿಸಬೇಕು. ಮೆತ್ತಗಾದ ಮಾಂಸವನ್ನು ಉಗುರಿನಿಂದ ಆಚೆಗೆ ಮೆಲ್ಲಗೆ ಸರಿಸಿ, ಶುದ್ಧವಾದ ಹತ್ತಿಯ ಸಣ್ಣ ಎಳೆಯೊಂದನ್ನು ಉಗುರಿನ ಅಂಚಿನ ಕೆಳಗೆ ಇಟ್ಟು ಪ್ರತಿದಿನವೂ ಬದಲಾಯಿಸುತ್ತಿರಬೇಕು. ಕಾಲುಗುರು ತಿಂಗಳಿಗೆ ಸುಮಾರು ಒಂದೂವರೆ ಮಿಲಿಮೀಟರಿನಷ್ಟು ಮಾತ್ರ ಬೆಳೆಯುತ್ತದೆ. ಆದಕಾರಣ ಅಂಚು ಮಾಂಸವನ್ನು ದಾಟಿ ಬರುವವರೆಗೆ ತಾಳ್ಮೆ ಬೇಕು. ಅಷ್ಟು ದಿನವೂ ಬೆರಳನ್ನು ಒತ್ತದ ಚಪ್ಪಲಿ ಮೆಟ್ಟಿ, ಕೆಸರಿನ ಕೆಲಸದಿಂದ ದೂರವಿರುವುದು ಒಳ್ಳೆಯದು.

ಸೂಜಿಯಿಂದಾಗಲಿ ಬ್ಲೇಡಿನಿಂದಾಗಲಿ ಮೂಲೆಯನ್ನು ಕೆದಕಬಾರದು. ಸುಣ್ಣ, ಸಗಣಿ, ಹೊಗೆಸೊಪ್ಪು, ಗೇರೆಣ್ಣೆಗಳನ್ನು ಹಚ್ಚಬಾರದು. ಮಣ್ಣಿನಲ್ಲಿಯೂ ಸಗಣಿಯಲ್ಲಿಯೂ ಧನುರ್ವಾಯುವಿನ ಬೀಜಾಣುಗಳು ಇರುವುದರಿಂದ, ಗಾಯವಾದವರು ಆ ರೋಗದ ಲಸಿಕೆ ಹಾಕಿಸಿಕೊಂಡು ಎಷ್ಟು ವರ್ಷಗಳಾದುವೆಂಬುದನ್ನು ವೈದ್ಯರಿಗೆ ತಿಳಿಸತಕ್ಕದ್ದು.

ಮೂರು ನಾಲ್ಕು ದಿನಗಳಲ್ಲಿ ಗುಣ ಕಾಣದಿದ್ದರೂ, ಕೀವು ಬಂದರೂ, ಕೆಂಪು ಪಾದದ ಮೇಲಕ್ಕೆ ಹಬ್ಬಿದರೂ, ಜ್ವರ ಕಾಣಿಸಿದರೂ ವೈದ್ಯರ ಬಳಿಗೆ ಹೋಗಲೇಬೇಕು. ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೊದಲು ತೋರಿಸಿ, ಅಲ್ಲಿಂದ ಅಗತ್ಯವಿದ್ದರೆ ಸಿರುಗುಪ್ಪದ ತಾಲ್ಲೂಕು ಆಸ್ಪತ್ರೆಗಾಗಲಿ, ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಾಗಲಿ ಹೋಗಬಹುದು. ಶಸ್ತ್ರಚಿಕಿತ್ಸೆಯೆಂದೊಡನೆ ಹೆದರಬೇಕಾದುದಿಲ್ಲ. ಬೆರಳಿನ ಬುಡಕ್ಕೆ ಔಷಧ ಚುಚ್ಚಿ ಮರಗಟ್ಟಿಸಿ, ಮಾಂಸಕ್ಕೆ ನಾಟಿದ ಬದಿಯಿಂದ ಉಗುರಿನ ಒಂದು ಪಟ್ಟಿಯನ್ನು ಮಾತ್ರ ಬುಡದವರೆಗೆ ತೆಗೆಯುತ್ತಾರೆ. ಆ ಅಂಚು ಪುನಃ ಬೆಳೆಯದಂತೆ ಬೇರಿಗೆ ಫೀನಾಲ್ ಎಂಬ ರಾಸಾಯನಿಕವನ್ನು ಹಚ್ಚುವುದುಂಟು. ರೋಗಿಯು ಅದೇ ದಿನ ಮನೆಗೆ ಮರಳಬಹುದು; ಗಾಯ ಕೆಲವು ವಾರಗಳಲ್ಲಿ ಮಾಯುವುದು. ಈ ಫೀನಾಲಿಗೂ ಮನೆ ತೊಳೆಯುವ ಫಿನಾಯಿಲಿಗೂ ಇರುವ ಹೆಸರಿನ ಹೋಲಿಕೆಯಿಂದ ಮೋಸಹೋಗಿ ಯಾರೂ ಅದನ್ನು ಬೆರಳಿಗೆ ಹಚ್ಚಕೂಡದು.

ಸಕ್ಕರೆ ಕಾಯಿಲೆಯುಳ್ಳವರ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಅಂಥವರ ಪಾದಗಳಲ್ಲಿ ಸ್ಪರ್ಶಜ್ಞಾನವು ಕುಗ್ಗಿ ನೋವೇ ತಿಳಿಯದಿರಬಹುದು. ರಕ್ತಸಂಚಾರವು ಕಡಿಮೆಯಾಗಿ ಗಾಯ ಬೇಗ ಮಾಯದಿರಬಹುದು. ಸಣ್ಣ ಉಗುರಿನ ಗಾಯವೇ ಕೊಳೆತು ಬೆರಳನ್ನಾಗಲಿ ಪಾದವನ್ನಾಗಲಿ ತೆಗೆಯಬೇಕಾದ ಪ್ರಸಂಗಗಳುಂಟು. ಅವರು ಮೇಲೆ ಹೇಳಿದ ಮನೆಯ ಉಪಚಾರಕ್ಕೂ ಕೈಹಾಕದೆ, ಕೆಂಪು ಕಂಡ ದಿನವೇ ವೈದ್ಯರಿಗೆ ತೋರಿಸತಕ್ಕದ್ದು. ಮೂವತ್ತು ವರ್ಷ ದಾಟಿದವರ ರಕ್ತದಲ್ಲಿನ ಸಕ್ಕರೆಯನ್ನು ಸರ್ಕಾರದ ಆರೋಗ್ಯ ಕೇಂದ್ರಗಳಲ್ಲಿ ಪರೀಕ್ಷಿಸುವ ಏರ್ಪಾಡು ಇದೆ.

ಬಾಧೆಯು ಬಾರದಂತೆ ಅನುಸರಿಸತಕ್ಕ ಕ್ರಮಗಳು ಇವು:

1. ಕಾಲುಗುರನ್ನು ಅಡ್ಡಲಾಗಿ ನೇರವಾಗಿ ಕತ್ತರಿಸಬೇಕು. ಮೂಲೆಗಳು ಮಾಂಸದ ಮೇಲೆ ಕಾಣುವಂತೆ ಉಳಿದಿರಬೇಕು.

2. ಉಗುರನ್ನು ಬೆರಳಿನ ತುದಿಯ ಮಟ್ಟಕ್ಕಿಂತ ಗಿಡ್ಡ ಮಾಡಬಾರದು. ಒಣಗಿ ಗಟ್ಟಿಯಾದ ಉಗುರನ್ನು ಸ್ನಾನವಾದ ಮೇಲೆ ಕತ್ತರಿಸುವುದು ಸುಲಭ.

3. ಒಬ್ಬರ ಉಗುರುಕತ್ತರಿಯನ್ನು ತೊಳೆದು ಶುದ್ಧಿಮಾಡದೆ ಇನ್ನೊಬ್ಬರಿಗೆ ಉಪಯೋಗಿಸಬಾರದು.

4. ಗದ್ದೆಯಿಂದ ಬಂದೊಡನೆ ಸಾಬೂನಿನಿಂದ ಕಾಲು ತೊಳೆದು, ಪೂರ್ತಿಯಾಗಿ ಒರಸಬೇಕು.

5. ಬೂಟು ಕೊಳ್ಳುವಾಗ ಬೆರಳುಗಳು ಅದರೊಳಗೆ ಸರಾಗವಾಗಿ ಆಡುತ್ತವೆಯೇ ಎಂಬುದನ್ನು ನೋಡಬೇಕು.

ಊರಿನ ಮುಖಂಡರಿಂದಲೂ ಜಮೀನಿನ ಒಡೆಯರಿಂದಲೂ ಆಗಬೇಕಾದ ಕೆಲಸ ಅಲ್ಪವಾದುದು, ಆದರೆ ಫಲ ದೊಡ್ಡದು. ನಾಟಿ ನಡೆಯುವ ಗದ್ದೆಯ ಬದುವಿನಲ್ಲಿ ಕಾಲು ತೊಳೆಯಲು ಶುದ್ಧ ನೀರನ್ನೂ ಸಾಬೂನನ್ನೂ ಇರಿಸುವುದು. ಕಾಲು ಕೆಂಪಾದವರನ್ನು ಕೆಲವು ದಿನ ಕೆಸರಿಗಿಳಿಸದೆ, ಸಸಿ ಕಟ್ಟುವುದೇ ಮೊದಲಾದ ಒಣ ಕೆಲಸಕ್ಕೆ ಅದೇ ಕೂಲಿಯಿಂದ ಹಚ್ಚುವುದು. ಕೀವು ಕಂಡವರನ್ನು ಆಸ್ಪತ್ರೆಗೆ ಕಳುಹಿಸಿ, ಆ ದಿನದ ಕೂಲಿಯನ್ನು ಹಿಡಿಯದಿರುವುದು. ಗ್ರಾಮಸಭೆಯಲ್ಲಿ ಆಶಾ ಕಾರ್ಯಕರ್ತೆಯರಿಂದ ಉಗುರು ಕತ್ತರಿಸುವ ಕ್ರಮವನ್ನು ತೋರಿಸುವುದು. ಕೂಲಿ ಹೋಗುವುದೆಂಬ ಅಂಜಿಕೆಯಿಂದಲೇ ಬಹಳ ಮಂದಿ ಕಾಲಿನ ನೋವನ್ನು ಮರೆಮಾಚುತ್ತಾರೆ. ಆ ಅಂಜಿಕೆಯನ್ನು ಕಳೆಯುವುದು ಒಡೆಯರ ಕೈಯಲ್ಲಿದೆ. ಮುಂಗಾರಿನ ಸಸಿಮಡಿ ಬಿಡುವುದಕ್ಕೆ ಮುಂಚೆಯೇ ಪ್ರತಿಯೊಂದು ಊರಿನಲ್ಲಿಯೂ ಈ ವಿಷಯವನ್ನು ಪ್ರಚುರಪಡಿಸಿದರೆ ಅನೇಕರ ನೋವೂ ನಷ್ಟವೂ ತಪ್ಪುವುವು.